ಒಂದೇ ಟೇಪು, ಹಲವು ಧ್ವನಿ

ಹಾಡಿದ್ದು ಒಮ್ಮೆ, ನುಡಿಸಿದ್ದು ಒಮ್ಮೆ. ಹಾಗಿದ್ದ ಮೇಲೆ ಐವತ್ತು ವರ್ಷಗಳ ಹಿಂದಿನ ಒಂದು ಧ್ವನಿಮುದ್ರಿಕೆ 1992ರಲ್ಲಿ ಒಂದು ರೀತಿ, 2003ರಲ್ಲಿ ಇನ್ನೊಂದು ರೀತಿ, 2011ರಲ್ಲಿ ಮತ್ತೊಂದು ರೀತಿ, 2023ರಲ್ಲಿ ಮಗದೊಂದು ರೀತಿ ಕೇಳಿಸುವುದು ಹೇಗೆ? ಹಳೆಯ ಹಾಡುಗಳ ಹೆಸರಿನ ಪಕ್ಕದಲ್ಲಿ 'ರೀಮಾಸ್ಟರ್ಡ್' ಎಂಬ ಮಾತು ಅಂಟಿಕೊಂಡಿರುವುದನ್ನು ವಿದ್ಯಾರ್ಥಿಗಳಾದ ನೀವು ನೋಡಿಯೇ ಇರುತ್ತೀರಿ. ಹಾಗೆಂದರೆ ಹಾಡನ್ನು ಮತ್ತೆ ಹಾಡಿಸಿದರೆ? ಇಲ್ಲ. ತಪ್ಪುಗಳನ್ನು ತಿದ್ದಿದರೆ? ಅದೂ ಪೂರ್ತಿ ನಿಜವಲ್ಲ. ಕಿರುತೆರೆಯ ಮಾತುಕತೆಯಲ್ಲಿ ಇಂಥ ಪ್ರಶ್ನೆಗಳನ್ನು ಮುಟ್ಟಿ ಮುಂದೆ ಹೋಗಬೇಕಾಗುತ್ತದೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಇದಕ್ಕೆ ಉದಾಹರಣೆಯಾಗಿ ಜಗತ್ತಿನಲ್ಲಿ ಅತಿ ಹೆಚ್ಚು ಜನ ಕೇಳಿರುವ ಧ್ವನಿಮುದ್ರಿಕೆಗಳಲ್ಲೊಂದನ್ನು ತೆಗೆದುಕೊಳ್ಳುತ್ತೇನೆ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡ 1973ರ ಮಾರ್ಚ್ ತಿಂಗಳಲ್ಲಿ ಹೊರತಂದ 'ದ ಡಾರ್ಕ್ ಸೈಡ್ ಆಫ್ ದ ಮೂನ್', ಎಂದರೆ 'ಚಂದ್ರನ ಕತ್ತಲ ಮಗ್ಗುಲು'. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ 1973ರಿಂದ 1988ರವರೆಗಿನ ಅವಧಿಯಲ್ಲಿ ಇದು 741 ವಾರ ಇತ್ತು. ಅಂದರೆ ಹದಿನಾಲ್ಕು ವರ್ಷಕ್ಕೂ ಹೆಚ್ಚು ಕಾಲ! ಇದರ ಒಟ್ಟು ಅವಧಿ ಸುಮಾರು 43 ನಿಮಿಷ ಮಾತ್ರ.

ಪ್ರೋಗ್ರೆಸಿವ್ ರಾಕ್ ಎಂದರೇನು?

ಕನ್ನಡ ಓದುವವರಿಗೆ 'ಪ್ರಗತಿಶೀಲ' ಎಂದೊಡನೆ ನಮ್ಮ ಸಾಹಿತ್ಯದ ಒಂದು ಪಂಥ ನೆನಪಾಗುತ್ತದೆ. ಇಲ್ಲಿನ 'ಪ್ರೋಗ್ರೆಸಿವ್' ಅದಲ್ಲ. 1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಕೆಲವು ಯುವಕರಿಗೆ ಮೂರು ನಿಮಿಷದ ಕುಣಿತದ ಹಾಡು ಸಾಲದೆನಿಸಿತು. ಎಲ್‌.ಪಿ. ಪ್ಲೇಟಿನ ಒಂದೊಂದು ಮಗ್ಗುಲಿಗೂ ಇಪ್ಪತ್ತು ನಿಮಿಷದಷ್ಟು ಸಂಗೀತ ಹಿಡಿಸುವಾಗ, ಅಷ್ಟನ್ನೂ ಒಂದೇ ಕೃತಿಯಂತೆ ಯಾಕೆ ಕಟ್ಟಬಾರದು ಎಂದು ಅವರು ಯೋಚಿಸಿದರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರಚನೆ, ಜಾಸ್ ಸಂಗೀತದ ಮನೋಧರ್ಮ, ಆಗತಾನೇ ಬಂದಿದ್ದ ಸಿಂಥಸೈಸರ್ ಯಂತ್ರಗಳು, ಅಪರೂಪದ ತಾಳಗಳು, ಎಲ್ಲವೂ ರಾಕ್ ಸಂಗೀತದೊಳಗೆ ಬಂದವು. ಕಿಂಗ್ ಕ್ರಿಮ್ಸನ್, ಯೆಸ್, ಜೆನೆಸಿಸ್ ಮೊದಲಾದ ತಂಡಗಳು ಈ ದಾರಿಯವು.

ಪಿಂಕ್ ಫ್ಲಾಯ್ಡ್ ತಂಡದಲ್ಲಿ ಆಗ ನಾಲ್ವರಿದ್ದರು: ರೋಜರ್ ವಾಟರ್ಸ್, ಡೇವಿಡ್ ಗಿಲ್ಮೋರ್, ರಿಚರ್ಡ್ ರೈಟ್ ಮತ್ತು ನಿಕ್ ಮೇಸನ್. ತಂಡವನ್ನು ಆರಂಭದಲ್ಲಿ ಮುನ್ನಡೆಸಿದ್ದ ಸಿಡ್ ಬ್ಯಾರೆಟ್ ಮನಸ್ಸಿನ ಆರೋಗ್ಯ ಕೆಟ್ಟು 1968ರಲ್ಲಿ ದೂರವಾಗಿದ್ದರು. ಆ ಗೆಳೆಯನ ನೆರಳು ಈ ಕೃತಿಯ ಮೇಲಿದೆ. ಕಾಲ, ಹಣ, ಸಾವು, ಬುದ್ಧಿಭ್ರಮಣೆ, ಮನುಷ್ಯನನ್ನು ಒತ್ತಿ ಹಿಡಿಯುವ ಇಂಥ ಶಕ್ತಿಗಳೇ ಇದರ ವಸ್ತು. ಅಂದಹಾಗೆ, ಚಂದ್ರನಿಗೆ ಶಾಶ್ವತವಾದ ಕತ್ತಲ ಮಗ್ಗುಲೆಂಬುದಿಲ್ಲ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಮರೆಯಬಾರದು. ಚಂದ್ರ ತನ್ನ ಸುತ್ತ ಒಮ್ಮೆ ತಿರುಗಲು ಎಷ್ಟು ಕಾಲ ಬೇಕೋ ಅಷ್ಟೇ ಕಾಲದಲ್ಲಿ ಭೂಮಿಯನ್ನೂ ಒಮ್ಮೆ ಸುತ್ತುವುದರಿಂದ ನಮಗೆ ಅದರ ಒಂದೇ ಮುಖ ಕಾಣುತ್ತದೆ. ಕಾಣದ ಮುಖಕ್ಕೂ ಬಿಸಿಲು ಅಷ್ಟೇ ಬೀಳುತ್ತದೆ.

ಕತ್ತರಿ, ಅಳತೆಪಟ್ಟಿ ಮತ್ತು ಗಡಿಯಾರಗಳು

ಈ ಕೃತಿ ಸ್ಟುಡಿಯೋದಲ್ಲಿ ಹುಟ್ಟಿದ್ದಲ್ಲ. 1972ರ ಜನವರಿ 20ರಂದು ಇಂಗ್ಲೆಂಡಿನ ಬ್ರೈಟನ್ ಊರಿನ ಸಭಾಂಗಣದಲ್ಲಿ ತಂಡ ಇದನ್ನು ಮೊದಲು ನುಡಿಸಿತು. ಆದರೆ ತಾಂತ್ರಿಕ ತೊಂದರೆಯಿಂದಾಗಿ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಅನಂತರ ತಿಂಗಳುಗಟ್ಟಲೆ ವೇದಿಕೆಯ ಮೇಲೆ ಹದಗೊಂಡ ಕೃತಿಯನ್ನು 1972ರ ಬೇಸಿಗೆಯಿಂದ 1973ರ ಆರಂಭದವರೆಗೆ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಮುದ್ರಿಸಿಕೊಳ್ಳಲಾಯಿತು. ಧ್ವನಿಮುದ್ರಣದ ಎಂಜಿನಿಯರ್ ಆ್ಯಲನ್ ಪಾರ್ಸನ್ಸ್. ಆಗ ಅವರಿಗೆ ಇನ್ನೂ ಇಪ್ಪತ್ತನಾಲ್ಕರ ಆಸುಪಾಸಿನ ವಯಸ್ಸು.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ 'ಮನಿ' ಎಂಬ ಹಾಡಿನ ಆರಂಭವೇ ಸಾಕ್ಷಿ. ನಾಣ್ಯಗಳ ಝಣಝಣ, ಕಾಗದ ಹರಿಯುವ ಸದ್ದು, ಅಂಗಡಿಯ ಗಲ್ಲಾಪೆಟ್ಟಿಗೆಯ ಸದ್ದು ಒಂದಾದ ಮೇಲೊಂದು ಲಯಬದ್ಧವಾಗಿ ಬರುತ್ತವೆ. ಒಂದೊಂದು ಸದ್ದನ್ನೂ ಬೇರೆಬೇರೆಯಾಗಿ ಮುದ್ರಿಸಿಕೊಂಡು, ಟೇಪನ್ನು ಅಳತೆಪಟ್ಟಿಯಿಂದ ಅಳೆದು, ಕತ್ತರಿಸಿ, ಅಂಟಿಸಿ, ತುದಿಗೆ ತುದಿ ಸೇರಿಸಿ ಬಳೆಯಂತೆ ಮಾಡಿ ಯಂತ್ರದಲ್ಲಿ ಸುತ್ತಿಸಿದರು. ಇದರ ಹಿಂದಿನ ಲೆಕ್ಕ ಸರಳ. ಟೇಪು ಸೆಕೆಂಡಿಗೆ 15 ಇಂಚು ಓಡುವುದಾದರೆ ಅರ್ಧ ಸೆಕೆಂಡು ಎಂದರೆ ಏಳೂವರೆ ಇಂಚು. ಕಾಲವನ್ನು ಉದ್ದದಿಂದ ಅಳೆಯುವ ವಿದ್ಯೆ ಅದು! ಹಾಡಿನ ಆವರ್ತಕ್ಕೆ ಏಳು ಎಣಿಕೆ. ನಮ್ಮಲ್ಲಿ ಮಿಶ್ರ ಛಾಪು ತಾಳ ಹಾಕಿ ಅಭ್ಯಾಸವಿರುವವರಿಗೆ ಏಳರ ನಡೆ ಹೊಸದಲ್ಲ. ಆದರೆ ನಾಲ್ಕರ ಎಣಿಕೆಗೆ ಒಗ್ಗಿಹೋಗಿದ್ದ ರಾಕ್ ಕೇಳುಗರಿಗೆ ಅದು ಎಡವಿದ ಹೆಜ್ಜೆಯಂತಿತ್ತು. ಗಿಟಾರ್ ವಾದನ ಬಂದಾಗ ಹಾಡು ನಾಲ್ಕಕ್ಕೆ ಹೊರಳುತ್ತದೆ. ಕೈಯಲ್ಲಿ ತಾಳ ಹಾಕುತ್ತ ಕೇಳಿದರೆ ಆ ತಿರುವು ನಿಮಗೇ ಸಿಕ್ಕುತ್ತದೆ.

'ಟೈಮ್' ಹಾಡಿನ ಮೊದಲಿಗೆ ಒಮ್ಮೆಲೇ ಬಡಿದುಕೊಳ್ಳುವ ಗಡಿಯಾರಗಳನ್ನು ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಯೊಂದಕ್ಕೆ ಹೋಗಿ ಒಂದೊಂದಾಗಿ ಮುದ್ರಿಸಿಕೊಂಡು ಬಂದಿದ್ದರು. ನಾಲ್ಕು ದಿಕ್ಕಿನಿಂದ ಧ್ವನಿ ಬರುವ ವ್ಯವಸ್ಥೆಯ ಪ್ರಾತ್ಯಕ್ಷಿಕೆಗಾಗಿ ಮಾಡಿದ್ದ ಕೆಲಸ ಅದು. ಕೃತಿಯ ಆರಂಭದಲ್ಲೂ ಅಂತ್ಯದಲ್ಲೂ ಕೇಳಿಸುವ ಎದೆಬಡಿತ ನಿಜವಾದ ಎದೆಯದಲ್ಲ, ನಿಕ್ ಮೇಸನ್ ಅವರ ದೊಡ್ಡ ಡ್ರಮ್ಮಿನದು.

ಸಂದರ್ಶನ ಮಾಡುವ ವೃತ್ತಿಯಲ್ಲಿರುವ ನನಗೆ ಇಲ್ಲಿ ಹೆಚ್ಚು ಮೆಚ್ಚಿಕೆಯಾದ ಸಂಗತಿ ಬೇರೆ. ವಾಟರ್ಸ್ ಕೆಲವು ಪ್ರಶ್ನೆಗಳನ್ನು ಕಾರ್ಡುಗಳ ಮೇಲೆ ಬರೆದು, ಸ್ಟುಡಿಯೋದಲ್ಲಿ ಸಿಕ್ಕವರನ್ನೆಲ್ಲ ಕೂರಿಸಿ ಉತ್ತರ ಮುದ್ರಿಸಿಕೊಂಡರು. ಜಗತ್ಪ್ರಸಿದ್ಧ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಸಹ ಉತ್ತರಿಸಿದರು. ಆದರೆ ಅವರ ಮಾತು ತೀರಾ ಎಚ್ಚರಿಕೆಯದಾಯಿತೆಂದು ಅದನ್ನು ಬಳಸಲಿಲ್ಲ. ಸ್ಟುಡಿಯೋದ ಬಾಗಿಲು ಕಾಯುತ್ತಿದ್ದ ಜೆರಿ ಓಡ್ರಿಸ್ಕಾಲ್ ಮನಬಿಚ್ಚಿ ಆಡಿದ ಮಾತು ಇಡೀ ಕೃತಿಯ ಕೊನೆಯ ಮಾತಾಯಿತು.

ಟೇಪಿನ ಮೇಲೆ ನಡೆಯುವುದೇನು?

ಮೈಕಿನ ಮುಂದೆ ಧ್ವನಿ ಎಂದರೆ ಗಾಳಿಯ ಒತ್ತಡದ ಏರಿಳಿತ. ಮೈಕು ಅದನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಟೇಪಿಗೆ ಸವರಿದ ಕಬ್ಬಿಣದ ಆಕ್ಸೈಡಿನ ಕಣಗಳ ಮೇಲೆ ಆ ಏರಿಳಿತ ಕಾಂತೀಯ ಗುರುತಾಗಿ ನಿಲ್ಲುತ್ತದೆ. ಆ್ಯಬಿ ರೋಡಿನಲ್ಲಿ ಎರಡು ಇಂಚು ಅಗಲದ ಟೇಪಿನ ಮೇಲೆ ಹದಿನಾರು ಜಾಡುಗಳಿದ್ದವು. ಒಂದು ಜಾಡಿನಲ್ಲಿ ಗಿಟಾರ್, ಒಂದರಲ್ಲಿ ಕಂಠ, ಕೆಲವದರಲ್ಲಿ ಡ್ರಮ್, ಹೀಗೆ ಬೇರೆಬೇರೆ ಹೊತ್ತಿನಲ್ಲಿ ತುಂಬಿಸಬಹುದು.

ಹದಿನಾರೂ ತುಂಬಿದ ಮೇಲೆ? ಇದ್ದವನ್ನು ಬೆರೆಸಿ ಇನ್ನೊಂದು ಟೇಪಿನ ಕೆಲವೇ ಜಾಡುಗಳಿಗೆ ಇಳಿಸಿಕೊಂಡರೆ ಉಳಿದ ಜಾಡುಗಳು ಹೊಸ ಸದ್ದಿಗೆ ಖಾಲಿಯಾಗುತ್ತವೆ. ಈ ಕೃತಿಯಲ್ಲಿ ಹಾಗೆಯೇ ಮಾಡಿದರು. ಆದರೆ ಇದಕ್ಕೊಂದು ಬೆಲೆಯುಂಟು. ಪ್ರತಿ ಟೇಪಿಗೂ ತನ್ನದೇ ಆದ 'ಸುಯ್' ಎಂಬ ಸದ್ದಿರುತ್ತದೆ. ನಕಲು ಮಾಡಿದಾಗ ಹಳೆಯ ಟೇಪಿನ ಸುಯಿಲಿನ ಜೊತೆಗೆ ಹೊಸ ಟೇಪಿನದೂ ಸೇರುತ್ತದೆ. ಎರಡೂ ಸಮನಾಗಿದ್ದರೆ ಗದ್ದಲದ ಶಕ್ತಿ ಇಮ್ಮಡಿ, ಎಂದರೆ 3 ಡೆಸಿಬೆಲ್ ಹೆಚ್ಚಳ. ಜೆರಾಕ್ಸಿನ ಜೆರಾಕ್ಸ್ ಮಸುಕಾಗುತ್ತದಲ್ಲ, ಹಾಗೆ. ಈ ಸಂಗತಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮಿಕ್ಸಿಂಗ್ ಬೇರೆ, ಮಾಸ್ಟರಿಂಗ್ ಬೇರೆ

ಇವೆರಡನ್ನು ಒಂದೇ ಎಂದು ತಿಳಿಯುವವರೇ ಹೆಚ್ಚು. ಅಡುಗೆಮನೆಯ ಹೋಲಿಕೆಯಿಂದ ಹೇಳುವುದಾದರೆ, ಬೇಳೆ, ತರಕಾರಿ, ಹುಣಿಸೆರಸ, ಸಾರಿನಪುಡಿ ಯಾವುದೆಷ್ಟು ಎಂದು ನಿರ್ಧರಿಸಿ ಹುಳಿ ಕುದಿಸುವುದು ಮಿಕ್ಸಿಂಗ್. ಹದಿನಾರು ಜಾಡುಗಳು ಇಲ್ಲಿ ಎಡ ಮತ್ತು ಬಲ ಎಂಬ ಎರಡೇ ಜಾಡುಗಳಾಗುತ್ತವೆ. ಕುದಿಸಿ ಇಳಿಸಿದ ಮೇಲೆ ಹುಳಿಯೊಳಗಿನ ಬೇಳೆಯನ್ನು ಬೇರೆ ತೆಗೆಯಲಾಗದು. ಆದರೆ ಬಡಿಸುವ ಮುನ್ನ ರುಚಿ ನೋಡಿ ಚೂರು ಉಪ್ಪು ಸೇರಿಸಬಹುದು, ಬಿಸಿ ಮಾಡಬಹುದು, ಎಂಥ ಪಾತ್ರೆಯಲ್ಲಿ ಬಡಿಸಬೇಕೆಂದು ಯೋಚಿಸಬಹುದು. ಅದು ಮಾಸ್ಟರಿಂಗ್. ಹಳೆಯ ಎರಡು ಜಾಡಿನ ಟೇಪನ್ನು ತೆಗೆದು ಇಂದಿನ ಪಾತ್ರೆಗೆ ತಕ್ಕಂತೆ ಈ ಕೊನೆಯ ಕೆಲಸವನ್ನು ಮತ್ತೆ ಮಾಡಿದರೆ ಅದು ರೀಮಾಸ್ಟರಿಂಗ್. ಹದಿನಾರು ಜಾಡಿನ ಟೇಪಿಗೇ ಮರಳಿ ಹುಳಿಯನ್ನು ಹೊಸದಾಗಿ ಕುದಿಸಿದರೆ ರೀಮಿಕ್ಸ್.

ಪಾತ್ರೆ ಬದಲಾದರೆ ಕೆಲಸ ಯಾಕೆ ಬದಲಾಗಬೇಕು? ಎಲ್‌.ಪಿ. ಪ್ಲೇಟನ್ನೇ ನೋಡಿ. ಅದು ನಿಮಿಷಕ್ಕೆ ಮೂವತ್ಮೂರೂ ಒಂದು ಮೂರನೆಯ ಬಾರಿ ಸುತ್ತುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಸರಿದರೆ, ಒಳ ಅಂಚಿನಲ್ಲಿ ಸರಿಯುವುದು ಸುಮಾರು 21 ಸೆಂಟಿಮೀಟರ್ ಮಾತ್ರ. ಅಷ್ಟೇ ಧ್ವನಿಯನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಕೊರೆಯಬೇಕು. ಆದ್ದರಿಂದ ಒಳಭಾಗದಲ್ಲಿ ಸಣ್ಣ, ಚೂಪಾದ ಸ್ವರಗಳು ಮಸುಕಾಗುತ್ತವೆ. ಮಂದ್ರ ಸ್ವರಗಳನ್ನು ಇದ್ದಂತೆ ಕೊರೆದರೆ ಗೀರು ಅಗಲವಾಗಿ ಓಲಾಡಿ ಪಕ್ಕದ ಗೀರಿಗೆ ತಾಗುತ್ತದೆ. ಅದಕ್ಕಾಗಿ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಹೆಚ್ಚಿಸುತ್ತಾರೆ, ನುಡಿಸುವಾಗ ಆಂಪ್ಲಿಫೈಯರ್ ಅದನ್ನು ತಿರುಗುಮುರುಗು ಮಾಡುತ್ತದೆ. ಇಂಥ ನಿರ್ಬಂಧಗಳೆಲ್ಲ ಮಾಸ್ಟರಿಂಗ್ ಮಾಡುವವರ ತಲೆಯಲ್ಲಿರಬೇಕು.

1980ರ ದಶಕದಲ್ಲಿ ಸಿ.ಡಿ. ಬಂದಿತು. ಸಿ.ಡಿ.ಯಲ್ಲಿ ಗೀರಿಲ್ಲ, ಅಂಕಿಗಳಿವೆ. ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಬಾರಿ ಅಳೆಯುತ್ತಾರೆ. ಒಂದು ಕಂಪನವನ್ನು ಸರಿಯಾಗಿ ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆಯಬೇಕೆಂಬುದು ನಿಯಮ. ಮನುಷ್ಯನ ಕಿವಿಯ ಮೇಲ್ಮಿತಿ ಸುಮಾರು 20,000 ಹರ್ಟ್ಸ್ ಆದ್ದರಿಂದ ಈ ಸಂಖ್ಯೆ ಸಾಕು. ಪ್ರತಿ ಅಳತೆಗೂ 16 ಬಿಟ್, ಎಂದರೆ 65,536 ಮೆಟ್ಟಿಲುಗಳು. ಒಂದು ಬಿಟ್ಟಿಗೆ 6 ಡೆಸಿಬೆಲ್‌ನಂತೆ ಅತಿ ಮೆಲುದನಿಗೂ ಅತಿ ಜೋರು ದನಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ. ಪ್ಲೇಟಿನಲ್ಲಿ ಸಿಗುತ್ತಿದ್ದುದಕ್ಕಿಂತ ಇದು ಬಹಳ ಹೆಚ್ಚು. ಮೌನದೊಳಗಿಂದ ನಿಧಾನವಾಗಿ ಏಳುವ ಎದೆಬಡಿತದಿಂದ ಆರಂಭವಾಗುವ ಕೃತಿಗೆ ಇದಕ್ಕಿಂತ ಒಳ್ಳೆಯ ಪಾತ್ರೆ ಬೇಕೆ?

ಜೋರಾದದ್ದೆಲ್ಲ ಚೆನ್ನಾದದ್ದೆ?

ಇಲ್ಲಿಯೇ ಕಥೆ ತಿರುಗುವುದು. ಮನುಷ್ಯನ ಕಿವಿಗೊಂದು ದೌರ್ಬಲ್ಯವಿದೆ. ಒಂದೇ ಹಾಡನ್ನು ಎರಡು ಸಲ ಕೇಳಿಸಿ, ಎರಡನೆಯದನ್ನು ತುಸುವೇ ಜೋರಾಗಿಟ್ಟರೆ 'ಎರಡನೆಯದೇ ಚೆನ್ನ' ಎನ್ನುವವರು ಹೆಚ್ಚು. ಮೆಲುವಾದ ಧ್ವನಿಯಲ್ಲಿ ಮಂದ್ರ ಸ್ವರಗಳು ಕಿವಿಗೆ ಕಡಿಮೆ ತಾಗುವುದೂ ಇದಕ್ಕೊಂದು ಕಾರಣ. ಈ ಗುಟ್ಟು ಮಾರುವವರಿಗೆ ಚೆನ್ನಾಗಿ ಗೊತ್ತು. 1990ರ ದಶಕದಿಂದೀಚೆಗೆ ಸಿ.ಡಿ.ಗಳು ಒಂದಕ್ಕಿಂತ ಒಂದು ಜೋರಾಗತೊಡಗಿದವು.

ಆದರೆ ಅಂಕಿಗಳ ಲೋಕದಲ್ಲಿ ಮೇಲ್ಛಾವಣಿ ಒಂದಿದೆ, ಅದರಾಚೆ ಮೆಟ್ಟಿಲಿಲ್ಲ. ಹಾಗಾದರೆ ಜೋರು ಮಾಡುವುದೆಂತು? ಜೋರಾದ ಭಾಗಗಳನ್ನು ಅದುಮಿ, ಆಮೇಲೆ ಎಲ್ಲವನ್ನೂ ಒಟ್ಟಾಗಿ ಮೇಲೆತ್ತುವುದು. ಗುಂಪಿನ ಫೋಟೋದಲ್ಲಿ ಎತ್ತರದವರನ್ನು ಬಗ್ಗಿಸಿ, ಕುಳ್ಳರನ್ನು ಮಣೆಯ ಮೇಲೆ ನಿಲ್ಲಿಸಿದಂತೆ! ಎಲ್ಲರ ತಲೆಯೂ ಒಂದೇ ಸಾಲಿನಲ್ಲಿ ಬಂದು ಚಿತ್ರವೇನೋ ತುಂಬಿರುತ್ತದೆ, ಆದರೆ ಯಾರು ಎತ್ತರ ಯಾರು ಗಿಡ್ಡ ಎಂಬುದು ತಿಳಿಯದು. ಗಡಿಯಾರಗಳು ಒಮ್ಮೆಲೇ ಬಡಿದಾಗ ಬೆಚ್ಚಿಬೀಳುವುದು ಅದಕ್ಕೆ ಮುಂಚಿನ ಟಿಕ್‌ಟಿಕ್ ಮೆಲ್ಲಗಿರುವುದರಿಂದ. ಎರಡನ್ನೂ ಒಂದೇ ಮಟ್ಟಕ್ಕೆ ತಂದರೆ ಗಡಿಯಾರ ಉಳಿಯುತ್ತದೆ, ಬೆಚ್ಚುವಿಕೆ ಹೋಗುತ್ತದೆ. ಸಂಗೀತದಲ್ಲಿ ಮೌನವೂ ಒಂದು ವಾದ್ಯ.

ಹೊಸ ಆವೃತ್ತಿಗಳಲ್ಲಿ ಆದದ್ದು

1992ರ ರೀಮಾಸ್ಟರ್ ಆದಮೇಲೆ, ಮೂವತ್ತು ವರ್ಷ ತುಂಬಿದಾಗ 2003ರಲ್ಲಿ ದೊಡ್ಡ ಹೆಜ್ಜೆ ಇಟ್ಟವರು ಎಂಜಿನಿಯರ್ ಜೇಮ್ಸ್ ಗತ್ರಿ. ಸುತ್ತಲೂ ಐದು ಸ್ಪೀಕರುಗಳಿಂದ, ಜೊತೆಗೆ ಮಂದ್ರಕ್ಕೆಂದೇ ಇನ್ನೊಂದರಿಂದ ಕೇಳುವ ಆವೃತ್ತಿಗಾಗಿ ಅವರು ಮೊದಲ ತಲೆಮಾರಿನ ಟೇಪುಗಳಿಗೇ ಮರಳಿದರು. 1972ರಲ್ಲಿ ಜಾಗ ಸಾಲದೆ ಬೆರೆಸಿ ನಕಲು ಮಾಡಿದ್ದರಲ್ಲ, ಆ ನಕಲಿಗೆ ಮುಂಚಿನ ಟೇಪುಗಳು. ಜೆರಾಕ್ಸನ್ನು ಬದಿಗಿಟ್ಟು ಮೂಲ ಹಸ್ತಪ್ರತಿ ತೆರೆದ ಹಾಗೆ. ಅಂದರೆ ಸ್ವಲ್ಪ ಮಟ್ಟಿಗೆ 1973ರ ಕೇಳುಗರಿಗೇ ಸಿಗದಿದ್ದ ಸ್ಪಷ್ಟತೆ 2003ರವರಿಗೆ ದೊರೆಯಿತು.

ಅದೇ ಡಿಸ್ಕಿನಲ್ಲಿ ಇನ್ನೊಂದು ಪಾಠವೂ ಇತ್ತು. ಅದರಲ್ಲಿ ಎರಡು ಪದರಗಳು: ಹೆಚ್ಚು ಸೂಕ್ಷ್ಮವಾದ ಸೂಪರ್ ಆಡಿಯೋ ಪದರ, ಮಾಮೂಲಿ ಸಿ.ಡಿ. ಪದರ. ಸಿ.ಡಿ. ಪದರವನ್ನು ಹೆಚ್ಚು ಅದುಮಿ ಜೋರು ಮಾಡಲಾಗಿದೆ ಎಂದು ಆಡಿಯೋ ವಿಮರ್ಶಕರು ಅಳೆದು ತೋರಿಸಿದರು. ಆದ್ದರಿಂದ ಎರಡು ಪದರಗಳನ್ನು ಹೋಲಿಸಿ 'ಹೊಸ ತಂತ್ರಜ್ಞಾನ ಎಷ್ಟು ಚೆನ್ನ' ಎಂದವರು ಹೋಲಿಸಿದ್ದು ತಂತ್ರಜ್ಞಾನವನ್ನಷ್ಟೇ ಅಲ್ಲ, ಎರಡು ಬಗೆಯ ಮಾಸ್ಟರಿಂಗನ್ನು ಕೂಡ. ಪ್ರಯೋಗದಲ್ಲಿ ಒಂದು ಅಂಶವನ್ನು ಪರೀಕ್ಷಿಸುವಾಗ ಉಳಿದುವನ್ನು ಸ್ಥಿರವಾಗಿಡಬೇಕೆಂಬ ನಿಮ್ಮ ಪ್ರಯೋಗಾಲಯದ ಮೊದಲ ನಿಯಮ ಸಂಗೀತಕ್ಕೂ ಅನ್ವಯಿಸುತ್ತದೆ.

2011ರಲ್ಲಿ ಗತ್ರಿ ಮತ್ತೆ ರೀಮಾಸ್ಟರ್ ಮಾಡಿದರು; ಪಾರ್ಸನ್ಸ್ 1970ರ ದಶಕದಲ್ಲೇ ಮಾಡಿದ್ದ ನಾಲ್ಕು ದಿಕ್ಕಿನ ಆವೃತ್ತಿಯೂ ಆಗಿನ ಪೆಟ್ಟಿಗೆಯಲ್ಲಿ ಬಂದಿತು. ಐವತ್ತು ತುಂಬಿದ 2023ರಲ್ಲಿ ಇನ್ನೊಂದು ರೀಮಾಸ್ಟರ್, ಜೊತೆಗೆ ತಲೆಯ ಮೇಲಿನಿಂದಲೂ ಧ್ವನಿ ಬರುವ ಆಟ್ಮಾಸ್ ಆವೃತ್ತಿ. ಅದೇ ವರ್ಷ ವಾಟರ್ಸ್ ಈ ಕೃತಿಯನ್ನು ತಾವೊಬ್ಬರೇ ಹೊಸದಾಗಿ ಮುದ್ರಿಸಿ ಹೊರತಂದರು. ಅದು ರೀಮಾಸ್ಟರೂ ಅಲ್ಲ, ರೀಮಿಕ್ಸೂ ಅಲ್ಲ, ಬೇರೆಯೇ ಅಡುಗೆ. ವಾಟರ್ಸ್ 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದು ಹಾಡಿದ್ದನ್ನು ನಮ್ಮ ಹಿರಿಯ ಕೇಳುಗರು ಮರೆತಿಲ್ಲ.

ಮೂವತ್ತು ಪೌಂಡಿನ ಕಂಠ

ಸ್ಪಷ್ಟತೆ ಹೆಚ್ಚಿದಂತೆ ಒಂದು ಕಂಠ ಇನ್ನೂ ಹತ್ತಿರವಾಗುತ್ತದೆ. 'ದ ಗ್ರೇಟ್ ಗಿಗ್ ಇನ್ ದ ಸ್ಕೈ' ಭಾಗದಲ್ಲಿ ಪದಗಳಿಲ್ಲದೆ, ಬರಿಯ ಆಲಾಪದಲ್ಲಿ ಸಾವಿನ ಭಯವನ್ನೂ ಸಮಾಧಾನವನ್ನೂ ತೋಡಿಕೊಳ್ಳುವ ಹೆಣ್ಣುದನಿ ಕ್ಲೇರ್ ಟೋರಿ ಎಂಬ ಗಾಯಕಿಯದು. 1973ರ ಜನವರಿಯ ಒಂದು ಭಾನುವಾರ ಕರೆಸಿದರು, ಕೆಲವು ಸಲ ಹಾಡಿಸಿದರು, 30 ಪೌಂಡ್ ಕೊಟ್ಟು ಕಳಿಸಿದರು. ಆ ಸ್ವರಗಳನ್ನು ಬರೆದುಕೊಟ್ಟವರು ಯಾರೂ ಇರಲಿಲ್ಲ, ಅವರೇ ಹಾಡುತ್ತ ಕಟ್ಟಿದ್ದು. ಆದರೂ ಮೂವತ್ತು ವರ್ಷ ರಚನೆಯ ಹಕ್ಕು ರೈಟ್ ಒಬ್ಬರ ಹೆಸರಿನಲ್ಲೇ ಇತ್ತು. 2004ರಲ್ಲಿ ಟೋರಿ ನ್ಯಾಯಾಲಯದ ಮೊರೆಹೋದರು. 2005ರಲ್ಲಿ ರಾಜಿಯಾಗಿ, ಅಂದಿನಿಂದೀಚಿನ ಆವೃತ್ತಿಗಳಲ್ಲಿ ಅವರ ಹೆಸರೂ ರಚನಕಾರರ ಸಾಲಿನಲ್ಲಿ ಅಚ್ಚಾಗುತ್ತಿದೆ. ಹೊಸ ಆವೃತ್ತಿಗಳಲ್ಲಿ ಆಗಿರುವ ತಿದ್ದುಪಡಿಗಳಲ್ಲೆಲ್ಲ ಇದು ದೊಡ್ಡದೆಂದು ನನ್ನ ಭಾವನೆ. ಇದನ್ನು ಯಾವ ಯಂತ್ರವೂ ಮಾಡಲಾರದು.

ಉಳಿದದ್ದು, ಅಳಿದದ್ದು

ಇಷ್ಟೆಲ್ಲ ಸಾಧ್ಯವಾದದ್ದು ಮೂಲ ಟೇಪುಗಳು ಉಳಿದಿದ್ದರಿಂದ. ಇದೇ ತಂಡದ ಇನ್ನೊಂದು ನಿದರ್ಶನ ಕೇಳಿ. 1969ರ ಜುಲೈನಲ್ಲಿ ಅಪೋಲೋ 11 ಚಂದ್ರನ ಮೇಲಿಳಿದ ರಾತ್ರಿ ಬಿ.ಬಿ.ಸಿ. ದೂರದರ್ಶನದ ಸ್ಟುಡಿಯೋದಲ್ಲಿ ಪಿಂಕ್ ಫ್ಲಾಯ್ಡ್ ತಂಡ ಆಶುವಾಗಿ ನುಡಿಸಿತ್ತು. ಅದರ ಧ್ವನಿ ಹೇಗೋ ಉಳಿಯಿತು, ದೃಶ್ಯ ಉಳಿಯಲಿಲ್ಲ. ವಿಡಿಯೋ ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಒಮ್ಮೆ ಪ್ರಸಾರವಾದದ್ದನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಮುದ್ರಿಸುವುದು ಎಲ್ಲ ಕಡೆಯ ರೂಢಿ. ಚಂದ್ರನಿಂದ ಬಂದ ದೃಶ್ಯಗಳ ಮೂಲ ಟೇಪುಗಳನ್ನೇ ಹೀಗೆ ಮರುಬಳಕೆಗೆ ಅಳಿಸಿದ್ದಿರಬೇಕೆಂದು ನಾಸಾ 2009ರಲ್ಲಿ ತಿಳಿಸಿತು. ಅಳಿಸದಿದ್ದರೂ ಟೇಪು ಚಿರಂಜೀವಿಯಲ್ಲ. ಕೆಲವು ಬಗೆಯ ಟೇಪುಗಳಲ್ಲಿ ಕಾಂತೀಯ ಕಣಗಳನ್ನು ಹಿಡಿದಿಟ್ಟ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಅಂಥವನ್ನು ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಒಣಗಿಸಿ, ಚೇತರಿಸಿಕೊಂಡ ಅಲ್ಪಕಾಲದಲ್ಲೇ ನಕಲು ಮಾಡಿಕೊಳ್ಳಬೇಕಾಗುತ್ತದೆ.

ನೀವು ಮಾಡಬಹುದಾದ ಎರಡು ಕೆಲಸಗಳಿವೆ. ಮೊದಲನೆಯದು ಕಿವಿಯ ಪ್ರಯೋಗ. ಯಾವುದೇ ಹಳೆಯ ಹಾಡಿನ ಎರಡು ಆವೃತ್ತಿಗಳನ್ನು ತೆಗೆದುಕೊಳ್ಳಿ. ಯಾವುದು ಯಾವುದೆಂದು ತಿಳಿಯದಂತೆ ಗೆಳೆಯರೊಬ್ಬರು ನುಡಿಸಲಿ. ಆದರೆ ಅದಕ್ಕೆ ಮೊದಲು ಎರಡರ ಸದ್ದೂ ಒಂದೇ ಮಟ್ಟದಲ್ಲಿರುವಂತೆ ಹೊಂದಿಸಿಕೊಳ್ಳಿ. ಹತ್ತು ಸಲ ಕೇಳಿ, ಪ್ರತಿ ಸಲವೂ ನಿಮ್ಮ ಆಯ್ಕೆಯನ್ನು ಬರೆದಿಡಿ. ಹಣೆಪಟ್ಟಿ ಕಾಣದಾಗ ನಿಮ್ಮ ಕಿವಿ ಏನು ಹೇಳುತ್ತದೆಂದು ಆಗ ಗೊತ್ತಾಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ನಿಮ್ಮ ಮನೆಯ ಅಟ್ಟದ ಮೇಲೋ ಟ್ರಂಕಿನಲ್ಲೋ ಹಳೆಯ ಕ್ಯಾಸೆಟ್ಟುಗಳಿರಬಹುದು: ಅಜ್ಜಿ ಹೇಳಿದ ಸೋಬಾನೆ ಪದ, ಯಾರದೋ ಮದುವೆಯ ನಾದಸ್ವರ, ಊರಿನ ಬಯಲಾಟ. ಅವುಗಳ ಮೂಲ ಟೇಪನ್ನು ಕಾಯುವ ಆ್ಯಬಿ ರೋಡ್ ಯಾವುದೂ ಇಲ್ಲ, ನಿಮ್ಮ ಕೈಯಲ್ಲಿರುವುದೇ ಮೂಲ. ಒಳ್ಳೆಯ ಪ್ಲೇಯರೊಂದನ್ನು ಹುಡುಕಿ, ಅದರ ಹೆಡ್ ಒರೆಸಿ, ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಸುಯ್ ಎನ್ನುವ ಸದ್ದನ್ನು ತೆಗೆಯುವ ಆತುರ ಬೇಡ. ಇದ್ದದ್ದನ್ನು ಇದ್ದಂತೆಯೇ ಒಂದು ಪ್ರತಿ ಇಟ್ಟು, ತಿದ್ದುವುದಿದ್ದರೆ ಇನ್ನೊಂದು ಪ್ರತಿಯಲ್ಲಿ ತಿದ್ದಿ. ಹಾಡಿದವರ ಹೆಸರು, ಊರು, ವರ್ಷ ಬರೆದಿಡಲು ಮರೆಯಬೇಡಿ. ಮುಂದೆ ಇಂದಿಗಿಂತ ಒಳ್ಳೆಯ ಯಂತ್ರಗಳು ಬಂದೇ ಬರುತ್ತವೆ. ಅವು ಬಂದಾಗ ಅಜ್ಜಿಯ ದನಿ ಅಲ್ಲಿರಬೇಕು, ಅಷ್ಟೆ.